ಲೆಕ್ಕಕ್ಕೆ ಬಾರದ ಹೊತ್ತು

ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತವರೆಲ್ಲ ತನಗಿಂತ ತಿಳಿದವರು ಎಂದು ಅಜ್ಜಿಯ ಮಗ ನಂಬಿದ್ದ. ಕೈಯಲ್ಲಿ ಕತ್ತರಿ ಆಡುತ್ತಿರುವಾಗ ಕಿವಿಗೆ ಬೇರೆ ಕೆಲಸವಿಲ್ಲವಲ್ಲ! ಹಸಿರು ಕಣ್ಣಿಗೆ ತಂಪು ಎಂದು ಒಬ್ಬ ಗಿರಾಕಿ ಹೇಳಿದ್ದಕ್ಕೆ ಮನೆಯ ಗೋಡೆಗಳೆಲ್ಲ ಗಿಳಿಯ ಬಣ್ಣಕ್ಕೆ ತಿರುಗಿದ್ದವು. ಬರಿಗಾಲಲ್ಲಿ ನಡೆದರೆ ಬೆನ್ನುನೋವು ಹೋಗುತ್ತದೆ ಎಂದು ಇನ್ನೊಬ್ಬ ಹೇಳಿದ್ದಕ್ಕೆ, ಚಪ್ಪಲಿ ಬಿಟ್ಟು ಅಂಗಡಿಗೆ ಹೋಗಿ ಗಾಜು ಚುಚ್ಚಿಸಿಕೊಂಡು ಕುಂಟುತ್ತ ಬಂದಿದ್ದ. "ಬೆನ್ನಿನ ನೋವು ಕಾಲಿಗೆ ಇಳೀತು, ಅಷ್ಟೇ," ಎಂದು ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಆದರೆ ಈ ಸಲ ಅವನು ಅಂಗಡಿಯಿಂದ ಹೊತ್ತು ತಂದ ಮಾತು ಮೊಮ್ಮಗಳ ವಿಷಯದ್ದು. ನಕ್ಕು ತಳ್ಳಿಹಾಕುವ ಹಾಗಿರಲಿಲ್ಲ.

"ಟೈ ಸಾಹೇಬರು ಬಂದಿದ್ರು ಇವತ್ತು," ಎಂದ ಮಗ, ಊಟಕ್ಕೆ ಕೂತವನೇ. ಯಾವುದೋ ದೊಡ್ಡ ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುವ ಗಿರಾಕಿ ಅವನು. ಕ್ಷೌರಕ್ಕೆ ಕೂತಾಗಲೂ ಟೈ ಬಿಚ್ಚುತ್ತಿರಲಿಲ್ಲವಂತೆ.

"ಏನಂತೆ ಅವರದ್ದು?" ಸೊಸೆ ಎಲ್ಲರ ತಟ್ಟೆಗೂ ಅನ್ನ ಬಡಿಸುತ್ತ ಕೇಳಿದಳು. ಬ್ರೆಡ್ ಕಾರ್ಖಾನೆಯಲ್ಲಿ ಬೆಳಗಿನಿಂದ ನಿಂತೇ ಪ್ಯಾಕಿಂಗ್ ಮಾಡಿ ಬಂದ ಅವಳಿಗೆ ಟೈ ಸಾಹೇಬರಿಗಿಂತ ಹಾಸಿಗೆಯ ಚಿಂತೆ ಹೆಚ್ಚಿತ್ತು.

"ಕಾಲೇಜಿಗೆ ತಯಾರಿ ಹೈಸ್ಕೂಲಿನ ಮೊದಲ ವರ್ಷದಿಂದಾನೇ ಶುರುವಾಗ್ಬೇಕಂತೆ. ಕೊನೇ ವರ್ಷದಲ್ಲಿ ಕಣ್ಣು ಬಿಟ್ರೆ ಅಷ್ಟೊತ್ತಿಗೆ ಎಲ್ಲ ಮುಗಿದುಹೋಗಿರುತ್ತಂತೆ. ಬರೀ ಅಂಕ ತಂದ್ರೆ ಮೂಸಿ ನೋಡಲ್ಲ. ಆಟ ಬೇಕು, ಸಂಗೀತ ಬೇಕು, ಸಮಾಜಸೇವೆ ಬೇಕು. ಪ್ರತಿಯೊಂದಕ್ಕೂ ಪ್ರಮಾಣಪತ್ರ ಬೇಕು."

"ನಿನಗೆ ಯಾವ ಪ್ರಮಾಣಪತ್ರ ಇತ್ತಪ್ಪಾ?" ಎಂದಳು ಅಜ್ಜಿ.

"ಅದಕ್ಕೇ ಅಲ್ವೇನಮ್ಮ ಊರವರ ಗಡ್ಡ ಕೆರೀತಾ ಕೂತಿರೋದು?"

ಆ ಮಾತು ಅಜ್ಜಿಗೆ ತಾಗಿತು. ಮೂವತ್ತು ವರ್ಷ ಇಸ್ತ್ರಿಪೆಟ್ಟಿಗೆ ಉಜ್ಜಿ ಈ ಮಗನನ್ನು ಸಾಕಿದವಳು ಅವಳು. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ನಿಂತು ನಿಂತು ಸೊಂಟ ಕಳಚಿಕೊಂಡು, ಈಗ ಹೊರಗಿನ ಕೋಣೆಯ ಕಿಟಕಿಯ ಪಕ್ಕ ಮಂಚ ಹಿಡಿದಿದ್ದಳು. ಮಗನನ್ನು ಓದಿಸಲಾಗಲಿಲ್ಲ ಎಂಬ ಮಾತು ಯಾರು ಆಡಿದರೂ ಅವಳಿಗೆ ಅಲ್ಲೇ ಚುಚ್ಚುತ್ತಿತ್ತು.

"ನೀನೇನಂತೀಯೇ ಚಿಟಿಕೆ?" ಎಂದು ಮೊಮ್ಮಗಳ ಕಡೆ ತಿರುಗಿದಳು. ಹುಟ್ಟಿದಾಗ ಒಂದು ಚಿಟಿಕೆಯಷ್ಟೇ ಇದ್ದ ಮಗುವಿಗೆ ಅಜ್ಜಿ ಇಟ್ಟ ಹೆಸರು ಅದು.

"ಅಮ್ಮ, ಇನ್ನು ಮೇಲೆ ಆ ಹೆಸರು ಬೇಡ," ಎಂದ ಮಗ. "ಕಾಲೇಜಿಗೆ ಹೋಗೋ ಹುಡುಗಿ."

"ಇನ್ನೂ ಐದು ವರ್ಷ ಇದೆಯಲ್ಲೋ!"

ಹುಡುಗಿ ಅನ್ನ ಕಲಸುವುದನ್ನು ನಿಲ್ಲಿಸಿದಳು. "ನನಗೂ ಹೋಗ್ಬೇಕು ಅಜ್ಜಿ," ಎಂದಳು ಮೆಲ್ಲಗೆ. "ಅಮ್ಮನ ಥರ ನಿಂತು ನಿಂತು ಕಾಲು ಊದಿಸ್ಕೊಳ್ಳೋದು ನನಗೆ ಬೇಡ."

ಸೊಸೆ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಾತು ಅಲ್ಲಿಗೆ ತೀರ್ಮಾನವಾಯಿತು.

ಅದರ ಮುಂದಿನ ವಾರದಿಂದ ಮನೆಯ ಚಹರೆಯೇ ಬದಲಾಯಿತು. ಅಡುಗೆಮನೆಯ ಬಾಗಿಲಿಗೆ ಮಗ ವೇಳಾಪಟ್ಟಿ ಅಂಟಿಸಿದ. ಹುಡುಗಿ ಶಾಲೆಯಿಂದ ಬಂದವಳೇ ಒಂದು ಲೋಟ ಹಾಲು ಕುಡಿದು ಗಣಿತದ ಟ್ಯೂಷನ್ನಿಗೆ ಓಡುತ್ತಿದ್ದಳು. ಅಲ್ಲಿಂದ ಕೀಬೋರ್ಡ್ ಕ್ಲಾಸು. ವಾರದಲ್ಲಿ ಎರಡು ದಿನ ಚದುರಂಗ. ಮನೆಗೆ ಬರುವಷ್ಟರಲ್ಲಿ ಕಣ್ಣು ಒಳಗೆ ಹೋಗಿರುತ್ತಿದ್ದವು. ಮೊದಲು ಹುಡುಗಿ ತೊಳೆಯುತ್ತಿದ್ದ ಪಾತ್ರೆ, ಮಡಚುತ್ತಿದ್ದ ಬಟ್ಟೆ, ತುಂಬಿಸುತ್ತಿದ್ದ ನೀರು ಎಲ್ಲ ಸೊಸೆಯ ತಲೆಗೆ ಬಂದವು.

"ರೀ, ಆ ನಿಮ್ಮ ಟೈ ಸಾಹೇಬರ ಮನೇಲಿ ಪಾತ್ರೆ ಯಾರು ತೊಳೀತಾರೆ, ಕೇಳಿದ್ರಾ?" ಎಂದು ಸೊಸೆ ಒಂದು ಸಂಜೆ ಸಿಡಿದಳು.

"ಐದು ವರ್ಷ ಹಲ್ಲು ಕಚ್ಚಿಕೊಂಡಿರು. ಆಮೇಲೆ ಇವಳೇ ನಮ್ಮನ್ನ ಕೂರಿಸಿ ಅನ್ನ ಹಾಕ್ತಾಳೆ."

"ಐದು ವರ್ಷ ಕಚ್ಚಿದ್ರೆ ಆಮೇಲೆ ಆ ಅನ್ನ ಅಗಿಯೋಕೆ ಹಲ್ಲಿರಬೇಕಲ್ಲ!"

ಅಜ್ಜಿ ಮಂಚದ ಮೇಲಿಂದ ಸೊಸೆಯ ಮಾತಿಗೆ ನಕ್ಕಳು. ಅತ್ತೆ ಸೊಸೆ ಹಾವು ಮುಂಗುಸಿ ಎನ್ನುವುದು ಲೋಕರೂಢಿ. ಇವರಿಬ್ಬರೂ ಹಾಗೇ ಇದ್ದವರು. ಆದರೆ ಮಗನ ಹುಚ್ಚುಗಳ ವಿಷಯ ಬಂದಾಗ ಒಂದೇ ಪಕ್ಷ.

ಹೇಳಿಕೊಳ್ಳದಿದ್ದರೂ, ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವಳು ಅಜ್ಜಿಯೇ. ಸಂಜೆ ಶಾಲೆಯ ಚೀಲ ಎಸೆದು ಮೊಮ್ಮಗಳು ಮೊದಲು ಬರುತ್ತಿದ್ದುದು ಅವಳ ಮಂಚಕ್ಕೆ. ಪತ್ರಿಕೆಯಲ್ಲಿ ಬಂದ ಕಳ್ಳತನದ ಸುದ್ದಿಗಳನ್ನೆಲ್ಲ ಹುಡುಕಿ ಓದುವುದು, ಇಬ್ಬರೂ ಸೇರಿ ಕಳ್ಳ ಯಾರಿರಬಹುದು ಎಂದು ಊಹಿಸುವುದು. "ಮನೆ ಅಳಿಯನೇ," ಎಂದು ಅಜ್ಜಿ ಪ್ರತಿ ಸಲ ಹೇಳುತ್ತಿದ್ದಳು, ಅರ್ಧಕ್ಕರ್ಧ ಸಲ ಅದು ನಿಜವೂ ಆಗುತ್ತಿತ್ತು. ಸೊಂಟ ಬಗ್ಗದ ಅಜ್ಜಿಯ ಕಾಲುಗುರು ಕತ್ತರಿಸುವುದೂ ಮೊಮ್ಮಗಳದ್ದೇ ಕೆಲಸ. ಇಡೀ ದಿನ ಕಿಟಕಿಯಿಂದ ಬೀದಿ ನೋಡುತ್ತ ಮಲಗಿರುವ ಜೀವಕ್ಕೆ ಆ ಒಂದು ಗಂಟೆಯೇ ದಿನ. ಉಳಿದದ್ದು ಅದಕ್ಕೆ ಕಾಯುವ ಹೊತ್ತು.

ಈಗ ಪತ್ರಿಕೆ ಮಡಚಿದ್ದು ಮಡಚಿದಂತೇ ಬಿದ್ದಿರುತ್ತಿತ್ತು.

"ಒಂದು ಸುದ್ದಿ ಓದೇ, ಚಿಕ್ಕದು," ಎಂದು ಅಜ್ಜಿ ಒಂದು ಸಂಜೆ ಕರೆದಳು.

"ನಾಳೆ ಪರೀಕ್ಷೆ ಅಜ್ಜಿ. ಭಾನುವಾರ ಓದ್ತೀನಿ."

ಭಾನುವಾರ ಚದುರಂಗದ ಪಂದ್ಯ ಬಂತು. ಮಗುವಿನ ಮೇಲೆ ಸಿಟ್ಟು ಮಾಡಲು ಅಜ್ಜಿಗೆ ಮನಸ್ಸು ಬರಲಿಲ್ಲ. ಆಡುವ ಮಗುವನ್ನು ಓಡುವ ಕುದುರೆ ಮಾಡಿದರೆ ಅದು ಓಡದೆ ಏನು ಮಾಡೀತು?

ಸಮಾಜಸೇವೆಗೆ ಮಗ ಗೊತ್ತುಮಾಡಿದ್ದು ಒಂದು ವೃದ್ಧಾಶ್ರಮ. ಬಸ್ಸಿನಲ್ಲಿ ನಾಲ್ಕು ನಿಲ್ದಾಣ ಆಚೆ. ಹೈಸ್ಕೂಲಿನ ಮಕ್ಕಳು ಶನಿವಾರ ಅಲ್ಲಿಗೆ ಹೋಗಿ ಮುದುಕರ ಜೊತೆ ಕೂತರೆ ಮೇಲ್ವಿಚಾರಕಿ ಒಂದು ಕಾರ್ಡಿನಲ್ಲಿ ಗಂಟೆ ಬರೆದು ಸಹಿ ಹಾಕುತ್ತಿದ್ದಳು. ಕಾರ್ಡು ತುಂಬಿದರೆ ಪ್ರಮಾಣಪತ್ರ.

ಮೊದಲ ಶನಿವಾರ ಮೊಮ್ಮಗಳು ಕಣ್ಣರಳಿಸಿಕೊಂಡು ಬಂದಳು. ಬಹಳ ದಿನಗಳ ಮೇಲೆ ಊಟದ ಹೊತ್ತಿಗೆ ಅವಳ ಬಾಯಿ ಬಿಚ್ಚಿತ್ತು.

"ಅಲ್ಲೊಬ್ಬರು ದರ್ಜಿಯಮ್ಮ ಇದ್ದಾರೆ, ಕಿವಿ ಸ್ವಲ್ಪಾನೂ ಕೇಳಲ್ಲ. ಅವರಿಗೆ ಪೇಪರ್ ಓದಿ ಹೇಳ್ದೆ, ಕಿರುಚಿ ಕಿರುಚಿ ಗಂಟಲು ಬಿದ್ದೋಯ್ತು! ತಲೆ ಬಾಚ್ದೆ. ಕಾಲುಗುರು ಕತ್ತರಿಸ್ದೆ. ಮೇಡಂ ಅಂದ್ರು, ಇಷ್ಟು ಚೆನ್ನಾಗಿ ಉಗುರು ಕತ್ತರಿಸೋದು ಯಾರು ಕಲಿಸಿದ್ದು ಅಂತ."

ಅಜ್ಜಿ ಹೊದಿಕೆಯೊಳಗೆ ಕಾಲು ಎಳೆದುಕೊಂಡಳು. ತಿಂಗಳ ಮೇಲಾಗಿತ್ತು, ಉಗುರು ಬೆಳೆದು ಬಟ್ಟೆಗೆ ಸಿಕ್ಕಿಕೊಳ್ಳುತ್ತಿದ್ದವು. ಸೊಸೆಯ ಕಣ್ಣಿಗೆ ಅದು ಬಿತ್ತು.

"ಹೊರಗಿನವರಿಗೆ ಹೋಳಿಗೆ, ಮನೆಯವರಿಗೆ ಬೋಳು ತಟ್ಟೆ," ಎಂದಳು ಸೊಸೆ. "ಮನೇಲಿ ಒಬ್ಬರು ಮಲಗಿದ್ದಾರೆ. ಶನಿವಾರ ಇಲ್ಲೇ ಕೂತು ಅಜ್ಜಿ ಸೇವೆ ಮಾಡ್ಲಿ ಬಿಡಿ."

"ಮನೆಯವರಿಗೆ ಮಾಡಿದ್ದು ಲೆಕ್ಕಕ್ಕೆ ಬರಲ್ಲ," ಎಂದ ಮಗ. "ಅದು ಸೇವೆ ಅಲ್ಲವಂತೆ, ಕರ್ತವ್ಯವಂತೆ. ಟೈ ಸಾಹೇಬರನ್ನ ಕೇಳ್ದೆ ನಾನು."

"ಕರ್ತವ್ಯ ಅಂದ್ರೆ ಮಾಡದೇ ಇರಬಹುದು ಅಂತಾನಾ?"

"ನನ್ನ ಮೇಲ್ಯಾಕೆ ಹಾರ್ತೀಯ? ಕಾಲೇಜಿನವರ ನಿಯಮ ಅದು!"

ಅಜ್ಜಿ ತಟ್ಟೆಯ ಅನ್ನವನ್ನು ಬೆರಳಲ್ಲಿ ಆಡಿಸುತ್ತ, "ಹಾಗಾದ್ರೆ ನನ್ನನ್ನೂ ಅಲ್ಲಿಗೇ ಸೇರಿಸಿಬಿಡು," ಎಂದಳು. "ವಾರಕ್ಕೊಂದು ಸಲ ಆದ್ರೂ ನನ್ನ ಸರದಿ ಬರುತ್ತೆ."

ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕಳು. ಆದರೆ ದೀಪ ಆರಿಸಿ ಮಲಗಿದ ಮೇಲೆ ಆ ಮಾತು ಅವಳನ್ನು ಬಿಡಲಿಲ್ಲ. ಬೆಳಗ್ಗೆ ಎದ್ದವಳು ಮಗನನ್ನು ಕರೆದು, "ನಾನು ಆಡಿದ್ದು ತಮಾಷೆಗಲ್ಲ ಕಣೋ," ಎಂದಳು.

ಮಗ ಹೌಹಾರಿದ. "ನಿನಗೇನು ತಲೆ ಕೆಟ್ಟಿದ್ಯಾ? ಮಗ ಸತ್ತೋದ ಅಂತ ತಿಳ್ಕೊಂಡ್ಯಾ? ಜನ ಏನಂತಾರೆ?"

"ಜನ ಅಂದ್ರೆ ನಿನಗೆ ಕುರ್ಚಿ ಮೇಲೆ ಕೂತವರು ತಾನೇ? ಅವರನ್ನೇ ಕೇಳು."

ಅವಳು ಅಂದದ್ದು ಚುಚ್ಚುವುದಕ್ಕೆ. ಮಗ ನಿಜವಾಗಿಯೂ ಕೇಳಿಕೊಂಡು ಬಂದ! ಟೈ ಸಾಹೇಬರಿಗೆ ಆ ಆಶ್ರಮ ಗೊತ್ತಂತೆ. ಒಳ್ಳೆಯ ಜಾಗವಂತೆ. ದಾದಿಯರಿದ್ದಾರೆ, ಹೊತ್ತು ಹೊತ್ತಿಗೆ ಊಟ, ಜೊತೆಗೆ ಜನ. ಅವರ ಅತ್ತೆಯನ್ನೂ ಅಂಥದ್ದೇ ಕಡೆ ಬಿಟ್ಟಿದ್ದಾರಂತೆ. ಅಲ್ಲದೆ ಕಾಲೇಜಿಗೆ ಹೋಗುವ ಮಗುವಿಗೆ ಒಂದು ಪ್ರತ್ಯೇಕ ಮೂಲೆ ಬೇಕೇ ಬೇಕಂತೆ, ಮೇಜು ಕುರ್ಚಿ ಬೇಕಂತೆ. ಮಗ ಇದನ್ನೆಲ್ಲ ಹೇಳುವಾಗ ಅಜ್ಜಿಯ ಮುಖ ನೋಡದೆ ಮಂಚದ ಕಾಲು ನೋಡುತ್ತಿದ್ದ. ತಾನು ತೋಡಿದ ಹಳ್ಳದ ಆಳ ಅಜ್ಜಿಗೆ ಆಗ ಕಂಡಿತು. ಬೇಡ ಎನ್ನಬಹುದಿತ್ತು. ಹಟಮಾರಿ, ಅನ್ನಲಿಲ್ಲ.

ಸೊಸೆ ಆ ದಿನ ಕಾರ್ಖಾನೆಯಿಂದ ಬಂದವಳು ಚಪ್ಪಲಿಯನ್ನೂ ಬಿಚ್ಚದೆ ಮಂಚದ ಹತ್ತಿರ ನಿಂತಳು. "ಅತ್ತೆ, ನಾನೇನಾದ್ರೂ ಅಂದ್ನಾ?"

"ನೀನು ಇಪ್ಪತ್ತು ವರ್ಷದಿಂದ ಅಂತಾನೇ ಇದ್ದೀಯ. ಅದಕ್ಕೆಲ್ಲ ಮನೆ ಬಿಡ್ತೀನಾ?"

"ಮತ್ತೆ ಯಾಕೆ?"

"ನನಗೆ ಆ ಮಗುವಿನ ಜೊತೆ ಒಂದು ಗಂಟೆ ಬೇಕು," ಎಂದಳು ಅಜ್ಜಿ. "ಈ ಮನೇಲಿ ಅದು ಸಿಗಲ್ಲ. ಅಲ್ಲಿ ಕೊಡ್ತಾರೆ."

ಸೊಸೆ ಚಪ್ಪಲಿ ಬಿಚ್ಚಿ ಒಳಗೆ ಹೋದಳು. ಆಮೇಲೆ ಬಿಸಿನೀರು ತಂದು, ಅತ್ತೆಯ ಕಾಲು ನೆನೆಸಿ, ಕೂತು ಉಗುರು ಕತ್ತರಿಸಿದಳು. ಅಭ್ಯಾಸವಿಲ್ಲದ ಕೈ, ಒಂದೆರಡು ಕಡೆ ತಾಗಿತು. ಅಜ್ಜಿ ಕಾಲು ಎಳೆದುಕೊಳ್ಳಲಿಲ್ಲ.

ಆಶ್ರಮದ ಕೋಣೆಯಲ್ಲಿ ಸಾಲಾಗಿ ಎಂಟು ಮಂಚ. ಗೋಡೆ ಬಿಳಿ, ಹೊದಿಕೆ ಬಿಳಿ, ಎಲ್ಲದಕ್ಕೂ ಒಂದೇ ಸಾಬೂನಿನ ವಾಸನೆ. ಅಜ್ಜಿ ಹೊದಿಕೆ ಮುಟ್ಟಿ ನೋಡಿ, "ಇಸ್ತ್ರಿ ಸರಿಯಾಗಿ ಬಿದ್ದಿಲ್ಲ," ಎಂದಳು. ಬಾಗಿಲ ಪಕ್ಕದ ಗಾಳಿ ಬರುವ ಮಂಚ ಖಾಲಿಯಿತ್ತು. ಅಜ್ಜಿ ಅದನ್ನು ಬೇಡವೆಂದು, ದರ್ಜಿಯಮ್ಮನ ಪಕ್ಕದ ಮಂಚವನ್ನು ಕೇಳಿ ಪಡೆದಳು. ಮೊಮ್ಮಗಳಿಗೆ ಪರಿಚಯವಿರುವ ಜಾಗ, ಹುಡುಕುವ ಕೆಲಸವಿರುವುದಿಲ್ಲ ಎಂದು ಅವಳ ಲೆಕ್ಕಾಚಾರ. ದರ್ಜಿಯಮ್ಮ ಅವಳ ಕುಪ್ಪಸದ ತೋಳನ್ನು ಎಳೆದು ನೋಡಿ, "ಇದನ್ನ ಹೊಲಿದವನಿಗೆ ಕಣ್ಣಿರಲಿಲ್ಲ," ಎಂದಳು ಗಟ್ಟಿಯಾಗಿ. ಅಲ್ಲಿಗೆ ಇಬ್ಬರಿಗೂ ಸ್ನೇಹವಾಯಿತು.

ಶನಿವಾರ ಬಂತು. ಅಜ್ಜಿ ಬೆಳಗ್ಗೆಯೇ ದಾದಿಯನ್ನು ಕಾಡಿ ತಲೆ ಬಾಚಿಸಿಕೊಂಡಿದ್ದಳು. ಪತ್ರಿಕೆಯನ್ನು ದಿಂಬಿನ ಕೆಳಗೆ ಬಚ್ಚಿಟ್ಟಿದ್ದಳು. ಮಧ್ಯಾಹ್ನ ಬಾಗಿಲಲ್ಲಿ ಶಾಲೆಯ ಮಕ್ಕಳ ಗುಂಪು ಕಾಣಿಸಿತು. ಮೊಮ್ಮಗಳು ಅವಳನ್ನು ನೋಡಿ ಓಡಿಬರಲು ಹೆಜ್ಜೆ ಎತ್ತಿದಳು. ಹಿಂದಿನಿಂದ ಮೇಲ್ವಿಚಾರಕಿಯ ಕೈ ಭುಜದ ಮೇಲೆ ಬಿತ್ತು.

"ಅವರು ನಿನ್ನ ಸ್ವಂತ ಅಜ್ಜಿ ಅಲ್ವಾ? ನಿಮ್ಮಪ್ಪ ಸೇರಿಸುವಾಗ ಹೇಳಿದ್ರು."

"ಹೌದು ಮೇಡಂ."

"ಹಾಗಾದ್ರೆ ಅವರ ಹತ್ರ ಕೂತದ್ದನ್ನ ನಾನು ಕಾರ್ಡಲ್ಲಿ ಬರೆಯೋಕಾಗಲ್ಲಮ್ಮ. ನಾಳೆ ಕಾಲೇಜಿನವರು ಕೇಳಿದ್ರೆ ಎಲ್ಲ ಮಕ್ಕಳ ಕಾರ್ಡೂ ತಿರಸ್ಕಾರ ಆಗುತ್ತೆ. ನೀನು ದರ್ಜಿಯಮ್ಮನ್ನೇ ನೋಡ್ಕೋ. ಅಜ್ಜಿಗೆ ಬೇರೆ ಹುಡುಗಿ ಕೊಡ್ತೀನಿ."

"ಮನೇಲೂ ಇದೇ ಮಾತು ಕೇಳಿಸಿಕೊಂಡೇ ಬಂದೆ," ಎಂದು ಅಜ್ಜಿಯ ಬಾಯಿಗೆ ಬಂತು. ಮೊಮ್ಮಗಳಿಗೆ ಎಲ್ಲರೆದುರು ಅವಮಾನವಾದೀತು ಎಂದು ನುಂಗಿಕೊಂಡಳು. ಇಷ್ಟು ದೊಡ್ಡ ಬುದ್ಧಿವಂತಿಕೆ ಮಾಡಿ, ಇದ್ದ ಮನೆ ಬಿಟ್ಟು ಬಂದವಳಿಗೆ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ! ನಿಯಮ ಮನೆಯ ಗೋಡೆಗೆ ಅಂಟಿಕೊಂಡಿರುತ್ತದೆ, ಮನೆ ಬಿಟ್ಟರೆ ನಿಯಮವೂ ಬಿಡುತ್ತದೆ ಎಂದುಕೊಂಡಿದ್ದಳು.

ಮೊಮ್ಮಗಳು ಎರಡು ಮಂಚಗಳ ನಡುವೆ ನಿಂತಳು. ಮೇಲ್ವಿಚಾರಕಿ ನೋಡುತ್ತಲೇ ಇದ್ದಳು. ಮುದುಕರನ್ನು ಬಹುವಚನದಲ್ಲೇ ಮಾತಾಡಿಸಬೇಕು ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದರು.

"ಹೇಗಿದ್ದೀರಾ ಅಜ್ಜಿ? ಊಟ ಮಾಡಿದ್ರಾ?" ಎಂದಳು ಹುಡುಗಿ.

ಹುಟ್ಟಿದಂದಿನಿಂದ "ನೀನು, ಹೋಗೇ, ಬಾರೇ" ಎಂದವಳು. ಅಜ್ಜಿಗೆ ಕೆನ್ನೆಗೆ ಹೊಡೆದಂತಾಯಿತು. "ಚೆನ್ನಾಗಿದ್ದೀನಿ ಕಣಮ್ಮ," ಎಂದಳು, ಪರರ ಮಕ್ಕಳಿಗೆ ಹೇಳುವ ಹಾಗೆ.

ಹುಡುಗಿ ಕುರ್ಚಿಯನ್ನು ದರ್ಜಿಯಮ್ಮನ ಕಡೆ ತಿರುಗಿಸಿಕೊಂಡು ಪತ್ರಿಕೆ ಓದಲು ಕೂತಳು. ಕಿವುಡಿಗೆ ಕೇಳಬೇಕಲ್ಲ, ಕಿರುಚಿಯೇ ಓದಿದಳು. ಯಾವುದೋ ಮನೆಯಲ್ಲಿ ಗಡಿಯಾರ ಕಳುವಾದ ಸುದ್ದಿ. ಓದಿ ಮುಗಿಸಿ, ದರ್ಜಿಯಮ್ಮನಿಗೆ ಬೆನ್ನು ತಿರುಗಿಸದೆ, ಕಣ್ಣಂಚಿನಲ್ಲಿ ಅಜ್ಜಿಯ ಕಡೆ ನೋಡಿದಳು.

"ಮನೆ ಅಳಿಯನೇ," ಎಂದಳು ಅಜ್ಜಿ, ಸೂರಿಗೆ ಹೇಳುವಂತೆ.

ಹುಡುಗಿಗೆ ನಗು ತಡೆಯಲಾಗಲಿಲ್ಲ. ದರ್ಜಿಯಮ್ಮ ತನ್ನನ್ನೇ ನೋಡಿ ನಗುತ್ತಿದ್ದಾಳೆಂದು ತಿಳಿದು ತಾನೂ ಬೊಚ್ಚುಬಾಯಿ ತೆರೆದು ನಕ್ಕಳು.

ಹಾಗೆ ಕೆಲವು ಶನಿವಾರಗಳು ನಡೆದವು. ಕದ್ದು ತಿಂದ ಸಕ್ಕರೆಯಂತೆ ಅಜ್ಜಿ ಅದನ್ನೇ ಇಡೀ ವಾರ ಚಪ್ಪರಿಸುತ್ತಿದ್ದಳು. ಅವಳ ಪಾಲಿಗೆ ಬಂದ ಬೇರೆ ಹುಡುಗಿ ಬಾಯಿಲ್ಲದವಳು. ಅವಳನ್ನು ಸುಮ್ಮನೆ ಕೂರಿಸಿ ಅಜ್ಜಿ ಪಕ್ಕದ ಮಂಚಕ್ಕೇ ಕಿವಿ ಕೊಟ್ಟಿರುತ್ತಿದ್ದಳು. ಆದರೆ ಮೊಮ್ಮಗಳ ದನಿ ವಾರದಿಂದ ವಾರಕ್ಕೆ ಸೊರಗುತ್ತಿತ್ತು. ಒಂದು ದಿನ ಓದುತ್ತ ಓದುತ್ತ ಕುರ್ಚಿಯಲ್ಲೇ ತೂಕಡಿಸಿದಳು. ದರ್ಜಿಯಮ್ಮ ಎಬ್ಬಿಸಲು ಹೋದಳು. ಅಜ್ಜಿ ಬೇಡ ಎಂದು ಕೈ ಆಡಿಸಿದಳು. ಮೇಲ್ವಿಚಾರಕಿ ಬರುವ ಚಪ್ಪಲಿ ಸದ್ದಾದಾಗ ಮಾತ್ರ ಕೆಮ್ಮಿದಳು. ಹುಡುಗಿ ಬೆಚ್ಚಿ, ಬಿಟ್ಟ ಸಾಲಿನಿಂದ ಓದಲು ಹಿಡಿದಳು.

ಒಂದು ಶನಿವಾರ ಹೋಗುವ ಮುಂಚೆ ಹುಡುಗಿ ಅಜ್ಜಿಯ ಮಂಚದ ಅಂಚಿನಲ್ಲಿ ಕೂತಳು. ಮೇಲ್ವಿಚಾರಕಿ ಇರಲಿಲ್ಲ.

"ಅಜ್ಜಿ, ನನ್ನ ಕಾರ್ಡ್ ತುಂಬಿತು."

"ಒಳ್ಳೇದಾಯ್ತಲ್ಲ."

"ಮುಂದಿನ ವಾರದಿಂದ ಶನಿವಾರ ಈಜಿನ ತರಬೇತಿ. ಆಟದ ಪ್ರಮಾಣಪತ್ರಕ್ಕೆ ಚದುರಂಗ ಸಾಲಲ್ಲವಂತೆ."

"ಯಾರು ಹೇಳಿದ್ದು?"

"ಟೈ ಸಾಹೇಬರು."

ಅಜ್ಜಿ ಹುಡುಗಿಯ ಕೈ ಹಿಡಿದಳು. ಬೆರಳ ತುದಿಯಲ್ಲಿ ಶಾಯಿ, ಉಗುರು ಕಚ್ಚಿ ಕಚ್ಚಿ ಬುಡಕ್ಕೆ ಬಂದಿದ್ದವು. "ನಿನಗೆ ನೀರಂದ್ರೆ ಹೆದರಿಕೆ ಅಲ್ವೇನೇ?"

"ಹೆದರಿಕೆ ಅಂದ್ರೆ ಅಪ್ಪ ಬಿಡ್ತಾರಾ?" ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. "ರಜೆಯಲ್ಲಿ ಬರ್ತೀನಿ ಅಜ್ಜಿ. ಖಂಡಿತ ಬರ್ತೀನಿ."

"ಬಾ ಬಾ. ನಾನೆಲ್ಲಿಗೆ ಓಡಿಹೋಗ್ತೀನಿ? ಸೊಂಟ ಬಿಡಬೇಕಲ್ಲ."

ಹುಡುಗಿ ಹೋದಳು. ಅಜ್ಜಿ ಗೋಡೆಯ ಕಡೆ ತಿರುಗಿ ಅತ್ತಳು. ಗಂಡ ಸತ್ತಾಗ ಅತ್ತ ಮೇಲೆ ಹಾಗೆ ಅತ್ತದ್ದು ಅದೇ ಮೊದಲು.

ರಜೆ ಬಂತು, ರಜೆಯ ಜೊತೆ ಬೇಸಿಗೆಯ ಗಣಿತ ಶಿಬಿರವೂ ಬಂತು. ಹುಡುಗಿ ಒಂದು ಸಲ ಅಪ್ಪನ ಜೊತೆ ಬಂದು, ಕೂತ ಹಾಗೆ ಮಾಡಿ ಎದ್ದು ಹೋದಳು. ಮಗ ಅಂಗಡಿಯ ರಜೆಯ ದಿನ ತಪ್ಪದೆ ಬರುತ್ತಿದ್ದ. ಬಂದವನಿಗೆ ಮಾತು ತೋಚದೆ, ಚೀಲದಿಂದ ಕತ್ತರಿ ತೆಗೆದು ಅಜ್ಜಿಯ ಕೂದಲ ತುದಿ ಕತ್ತರಿಸುತ್ತಿದ್ದ. ಆಮೇಲೆ ದರ್ಜಿಯಮ್ಮನದ್ದು, ಆಮೇಲೆ ಇಡೀ ಸಾಲಿನದ್ದು. ಅಮ್ಮನ ಮುಖ ನೇರವಾಗಿ ನೋಡುವುದು ತಪ್ಪುತ್ತಿತ್ತಲ್ಲ, ಅವನಿಗೆ ಅಷ್ಟೇ ಬೇಕಿತ್ತು.

"ಈಜಿನಲ್ಲಿ ಹೇಗಿದ್ದಾಳೆ?" ಅಜ್ಜಿ ಕೇಳಿದಳು.

"ಕಲೀತಿದ್ದಾಳೆ." ಕತ್ತರಿ ಒಂದು ಕ್ಷಣ ನಿಂತಿತು. "ರಾತ್ರಿ ನಿದ್ದೇಲಿ ಕಿರುಚ್ತಾಳೆ. ಎಲ್ಲ ಸರಿಹೋಗುತ್ತೆ, ಅಂದ್ರು."

"ಯಾರಂದ್ರು ಅಂತ ನಾನು ಕೇಳಲ್ಲ."

"ಅಮ್ಮ, ನಾನು ಅವಳಿಗೆ ಕೆಟ್ಟದ್ದು ಬಯಸ್ತೀನಾ?"

"ಇಲ್ಲಪ್ಪ. ನಿನ್ನಷ್ಟು ಒಳ್ಳೇದು ಯಾರೂ ಬಯಸಲ್ಲ. ಅದೇ ನನ್ನ ಭಯ."

ಸೊಸೆ ಬಂದದ್ದು ಮಳೆ ಶುರುವಾದ ಮೇಲೆ, ಕಾರ್ಖಾನೆಯ ಬಿಸಿ ಬ್ರೆಡ್ಡು ಎದೆಗೆ ಅವಚಿಕೊಂಡು. ಬಂದವಳೇ, "ಅತ್ತೆ, ಸಾಕು. ಮನೆಗೆ ನಡೀರಿ," ಎಂದಳು.

"ನನ್ನ ಮಂಚ ಎಲ್ಲಿದೆ?"

"ಮಡಚಿ ಅಡುಗೆಮನೇಲಿ ಇಟ್ಟಿದ್ದಾರೆ. ಆ ಜಾಗದಲ್ಲಿ ಮೇಜು ಬಂದಿದೆ. ನಾನು ಆ ಮೇಜನ್ನ ಎತ್ತಿ ಬೀದಿಗೆ ಹಾಕ್ತೀನಿ."

ಹಾಕುವವಳೇ ಅವಳು. ಅಜ್ಜಿಗೆ ಗೊತ್ತಿತ್ತು. ಒಂದು ಗಳಿಗೆ ಆಸೆಯೂ ಆಯಿತು. ಕಿಟಕಿ, ಬೀದಿ, ಸೊಸೆಯ ಬೈಗುಳ. ಆಮೇಲೆ ಕೇಳಿದಳು, "ಮಗು ಮನೆಗೆ ಎಷ್ಟೊತ್ತಿಗೆ ಬರ್ತಾಳೆ?"

"ನಾವು ಉಂಡು ಮುಗಿಸಿದ ಮೇಲೆ."

"ಬಂದು?"

"ಬಂದು ಓದ್ತಾಳೆ. ಮಾತಾಡಿಸಿದ್ರೆ ಹೂಂ ಅಂತಾಳೆ. ಹೆತ್ತವಳಿಗೇ ಅಷ್ಟು."

"ಮತ್ತೆ ನಾನು ಬಂದು ಏನು ಮಾಡ್ಲಿ?" ಎಂದಳು ಅಜ್ಜಿ. "ಇಲ್ಲಿದ್ರೆ ಅವಳು ದೂರ ಇದ್ದಾಳೆ ಅಂದುಕೋಬಹುದು. ಅಲ್ಲಿ ಅವಳು ಪಕ್ಕದಲ್ಲೇ ಕೂತೂ ಇಲ್ಲದ ಹಾಗಿರೋದನ್ನ ನೋಡಬೇಕು."

ಸೊಸೆ ಬ್ರೆಡ್ಡು ಮುರಿದು, ಹಾಲಿನಲ್ಲಿ ಅದ್ದಿ, ಅತ್ತೆಯ ಬಾಯಿಗಿಟ್ಟಳು. ಇಬ್ಬರೂ ಅದನ್ನು ತಿಂದು ಮುಗಿಸಿದರು.

ಶಾಲೆ ಮತ್ತೆ ತೆರೆಯಿತು. ಹೈಸ್ಕೂಲಿಗೆ ಹೊಸದಾಗಿ ಸೇರಿದ ಮಕ್ಕಳು ಹೊಸ ಕಾರ್ಡು ಹಿಡಿದು ಶನಿವಾರ ಬರತೊಡಗಿದರು. ಅಜ್ಜಿಯ ಪಾಲಿಗೆ ಬಂದದ್ದು ದಪ್ಪ ಕನ್ನಡಕದ ಒಂದು ಸಣಕಲು ಹುಡುಗಿ. ಕುರ್ಚಿಯ ತುದಿಯಲ್ಲಿ ಕೂತು, ಚೀಲ ತಬ್ಬಿಕೊಂಡು, "ಹೇಗಿದ್ದೀರಾ ಅಜ್ಜಿ? ನಾನು ನಿಮಗೆ ಏನು ಮಾಡಿಕೊಡಲಿ?" ಎಂದು ಪಾಠ ಒಪ್ಪಿಸಿತು.

"ಮೊದಲು ಸರಿಯಾಗಿ ಕೂತ್ಕೋ, ಬೀಳ್ತೀಯ. ಕಾಲೇಜಿಗೆ ತಯಾರಿನಾ?"

"ಹೌದು. ಈಗಿಂದಲೇ ಶುರುಮಾಡಬೇಕಂತೆ."

"ಆಮೇಲೆ ಎಲ್ಲಿಗೆ?"

"ಆರು ಗಂಟೆಗೆ ವಿಜ್ಞಾನದ ಟ್ಯೂಷನ್."

ಅಜ್ಜಿ ಆ ಮುಖವನ್ನು ನೋಡುತ್ತ ಇದ್ದಳು. ಕಣ್ಣ ಕೆಳಗಿನ ಆ ಕಪ್ಪು ಅವಳಿಗೆ ಹೊಸದಲ್ಲ. "ಮನೇಲಿ ಯಾರ್ಯಾರಿದ್ದೀರಾ?"

"ಅಪ್ಪ, ಅಮ್ಮ, ತಮ್ಮ." ಹುಡುಗಿ ಸ್ವಲ್ಪ ತಡೆದು ಹೇಳಿತು. "ತಾತ ಇದ್ದಾರೆ. ಅವರಿಗೆ ಕಣ್ಣು ಕಾಣಿಸಲ್ಲ."

"ಈಗ ಅವರ ಹತ್ರ ಯಾರಿದ್ದಾರೆ?"

"ಯಾರೂ ಇಲ್ಲ. ಅಪ್ಪ ಅಮ್ಮ ಕೆಲಸಕ್ಕೆ ಹೋಗಿದ್ದಾರೆ. ತಮ್ಮ ಆಟಕ್ಕೆ ಹೋಗಿರ್ತಾನೆ. ತಾತ ರೇಡಿಯೋ ಹಚ್ಚಿಕೊಂಡು ಕೂತಿರ್ತಾರೆ."

"ಮನೆ ದೂರಾನಾ?"

"ಈ ಬೀದಿ ದಾಟಿದ್ರೆ ಪಕ್ಕದ ಗಲ್ಲಿ."

ಅಜ್ಜಿ ದಿಂಬಿಗೆ ಒರಗಿದ್ದವಳು ಎದ್ದು ಕೂತಳು. ಸೊಂಟ ಕಿರುಗುಟ್ಟಿತು. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು. "ಆ ಕಾರ್ಡನ್ನ ಇಲ್ಲಿಡು, ದಿಂಬಿನ ಮೇಲೆ. ಹಿಂದಿನ ಬಾಗಿಲಿಂದ ಮನೆಗೆ ಹೋಗು. ಟ್ಯೂಷನ್ ಹೊತ್ತಿನವರೆಗೂ ತಾತನ ಹತ್ರ ಕೂತ್ಕೋ. ಕಾರ್ಡನ್ನ ಮುಂದಿನ ವಾರ ತಗೋ."

ಹುಡುಗಿ ಕನ್ನಡಕ ಸರಿಮಾಡಿಕೊಂಡು ಪಿಳಿಪಿಳಿ ನೋಡಿತು. "ಮೇಡಂ ಕೇಳಿದ್ರೆ?"

"ಅದು ನನಗೆ ಬಿಡು. ಸುಳ್ಳು ಹೇಳಿದ್ರೆ ನರಕಕ್ಕೆ ಹೋಗೋ ವಯಸ್ಸು ನಿನ್ನದಲ್ಲ, ನನ್ನದು. ಹತ್ರಾನೇ ಇದೆ, ನಡೆದೇ ಹೋಗ್ತೀನಿ."

ಹುಡುಗಿ ಎದ್ದಿತು. ಎರಡು ಹೆಜ್ಜೆ ನಿಧಾನವಾಗಿ ನಡೆದು, ಆಮೇಲೆ ಓಡಿತು. ಕಿಟಕಿಯಾಚೆ ಚೀಲ ಬೆನ್ನಿಗೆ ಬಡಿಯುತ್ತ ಬೀದಿ ದಾಟುವುದು ಅಜ್ಜಿಗೆ ಕಂಡಿತು. ಗಲ್ಲಿಗೇ ತಿರುಗಿತು.

ಅಜ್ಜಿ ಖಾಲಿ ಕುರ್ಚಿಯ ಮೇಲೆ ಒಂದು ಹೊದಿಕೆ ಹಾಕಿದಳು, ಯಾರೋ ಈಗಷ್ಟೇ ಎದ್ದು ಹೋದ ಹಾಗೆ ಕಾಣಲಿ ಎಂದು. ದರ್ಜಿಯಮ್ಮ ಏನಾಯಿತು ಎಂದು ಕೈಸನ್ನೆಯಲ್ಲಿ ಕೇಳಿದಳು. ಏನಿಲ್ಲ ಎಂದು ಅಜ್ಜಿ ತಲೆಯಾಡಿಸಿದಳು. ಆ ಹೊತ್ತಿನಲ್ಲಿ ಅವಳ ಮೊಮ್ಮಗಳು ಯಾವ ನೀರಿನಲ್ಲಿ ಕೈಕಾಲು ಬಡಿಯುತ್ತಿದ್ದಳೋ.

ಸಂಜೆ ಮೇಲ್ವಿಚಾರಕಿ ಪೆನ್ನು ಹಿಡಿದು ಮಂಚದಿಂದ ಮಂಚಕ್ಕೆ ಬಂದಳು. ದಿಂಬಿನ ಮೇಲಿದ್ದ ಕಾರ್ಡನ್ನು ಎತ್ತಿಕೊಂಡಳು.

"ಎಲ್ಲಿ ಹುಡುಗಿ?"

"ನೀರು ತರೋಕೆ ಹೋದ್ಳು. ಅಲ್ಲಿಂದ ಹಾಗೇ ಟ್ಯೂಷನ್ನಿಗೆ ಓಡಿದ್ಳು, ಪಾಪ, ಹೊತ್ತಾಗಿತ್ತು."

"ಪೂರ್ತಿ ಹೊತ್ತು ಇದ್ಳಾ?"

"ಪೂರ್ತಿ."

"ಹೇಗೆ ನೋಡ್ಕೊಂಡ್ಳು?"

ಅಜ್ಜಿ ಆ ಖಾಲಿ ಕುರ್ಚಿಯ ಕಡೆ ನೋಡಿದಳು.

"ನನ್ನ ಸ್ವಂತ ಮೊಮ್ಮಗಳ ಹಾಗೇ ನೋಡ್ಕೊಂಡ್ಳು," ಎಂದಳು.

ಮೇಲ್ವಿಚಾರಕಿ ಮೆಚ್ಚಿ, ಗಂಟೆ ಬರೆದು, ಸಹಿ ಹಾಕಿದಳು.